ದಾರಿ ತಪ್ಪಿದ್ದಲ್ಲ

“ಇಲ್ಲಿ ಸಹಿ ಹಾಕವಾ,” ಎಂದು ಬಸಯ್ಯನವರು ಹಾಳೆಯನ್ನು ಮಗಳ ಮುಂದೆ ಸರಿಸಿದರು. ಪೆನ್ನಿನ ಟೊಪ್ಪಿಗೆಯನ್ನೂ ತಾವೇ ತೆಗೆದು ಅವಳ ಕೈಗೆ ಕೊಟ್ಟರು.

ಬನಶಂಕರಿ ಪೆನ್ನು ಹಿಡಿದುಕೊಂಡಳು, ಸಹಿ ಹಾಕಲಿಲ್ಲ. ಹಾಳೆಯ ಮೇಲಿನ ಇಂಗ್ಲಿಷ್ ಅಕ್ಷರಗಳು ಒಂದೇ ಸಮ ಬಲಕ್ಕೆ ಬಾಗಿ, ಸಾಲು ಎಲ್ಲಿಯೂ ಏರಿಳಿಯದೆ ನಿಂತಿದ್ದವು. ಹುನಗುಂದದ ಮುನ್ಸೀಫ್ ಕೋರ್ಟಿನಲ್ಲಿ ಕಾರಕೂನನಾಗಿ ಸೇರಿ, ಮೂವತ್ತನಾಲ್ಕು ವರ್ಷ ದುಡಿದು, ಶಿರಸ್ತೇದಾರನಾಗಿ ಹೊರಬಂದವರ ಕೈಬರಹ ಅದು. ಅಫಿಡವಿಟ್ಟಿನಲ್ಲಿ ಒಂದು ತಾರೀಖು ತಾಳೆಯಾಗದಿದ್ದರೆ ಎಂಥ ಹಿರಿಯ ವಕೀಲರಿಗಾದರೂ ಕಾಗದ ವಾಪಸು ಕೊಡುವವರು ಎಂದು ಬಸಯ್ಯನವರಿಗೆ ಹೆಸರಿತ್ತು. ಅದೇ ಕೈ ಈಗ ಹಾಳೆಯ ನಡುವೆ ಬರೆದಿತ್ತು: ‘ಊರು ಹೊಸದಾಗಿದ್ದು ಗುರುತು ಸಿಗದ ಕಾರಣ ಚಾಲಕನು ದಾರಿ ತಪ್ಪಿ, ವಾಹನವು ಸೇತುವೆಯನ್ನು ದಾಟಿತು.’

“ಅಪ್ಪಾ, ಮೀರಾಸಾಬ ದಾರಿ ತಪ್ಪಿರಲಿಲ್ರಿ,” ಎಂದಳು ಬನಶಂಕರಿ.

“ಗೊತ್ತೈತಿ.”

“ಗೊತ್ತಿದ್ದೂ ಬರದೀರಿ?”

ಬಸಯ್ಯನವರು ಕನ್ನಡಕ ತೆಗೆದು ಧೋತರದ ಅಂಚಿನಲ್ಲಿ ಒರೆಸತೊಡಗಿದರು. ಎದುರು ಮನೆಯ ಮಾಳಿಗೆಯ ಮೇಲೆ ಒಣಹಾಕಿದ್ದ ಸಂಡಿಗೆಗೆ ಮಂಗಗಳು ಬಂದಿದ್ದವು. ಯಾರೋ ಕೋಲು ಹಿಡಿದು ಅವನ್ನು ಓಡಿಸುತ್ತಿದ್ದರು. ಬಾದಾಮಿಯಲ್ಲಿ ದಿನವೂ ನಡೆಯುವ ಆ ಗದ್ದಲವನ್ನು ಬಸಯ್ಯನವರು ಅಂದು ಮೊದಲ ಸಲ ಕಂಡವರಂತೆ ನೋಡುತ್ತ ಕೂತರು.

ಅದು ಎಂಬತ್ತೆರಡನೆಯ ಇಸವಿಯ ಫೆಬ್ರುವರಿ. ಬನಶಂಕರಿಗೆ ಆಗ ಇಪ್ಪತ್ತೊಂಬತ್ತು. ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ನೆಂಟರಲ್ಲಿ ಹಿರಿಯರೆಲ್ಲ ಬೇಡವೆಂದರೂ ಸೈನ್ಯದ ವೈದ್ಯಕೀಯ ದಳಕ್ಕೆ ಸೇರಿ, ಕ್ಯಾಪ್ಟನ್ ಆಗಿ ಬೆಳಗಾವಿಯ ಮಿಲಿಟರಿ ಆಸ್ಪತ್ರೆಯಲ್ಲಿದ್ದಳು. ಹಿಂದಿನ ಡಿಸೆಂಬರಿನಲ್ಲಿ ಸಮುದ್ರದಾಚೆಯ ಒಂದು ಸಣ್ಣ ದ್ವೀಪರಾಜ್ಯಕ್ಕೆ ಚಂಡಮಾರುತ ಬಡಿದಿತ್ತು. ಅಲ್ಲಿಯ ಸರಕಾರ ನೆರವು ಕೇಳಿತು. ನಮ್ಮ ಸರಕಾರ ಹಡಗಿನಲ್ಲಿ ಮೂವತ್ತು ಹಾಸಿಗೆಯ ಡೇರೆ ಆಸ್ಪತ್ರೆಯನ್ನೂ ಅದನ್ನು ನಡೆಸಲು ಬೆಳಗಾವಿಯಿಂದ ನಲವತ್ತು ಮಂದಿಯನ್ನೂ ಕಳಿಸಿತು. ಬನಶಂಕರಿ ಅವರಲ್ಲಿ ಒಬ್ಬಳು. ಇಪ್ಪತ್ತಾರು ದಿನ ಅಲ್ಲಿದ್ದು ಬಂದವರಿಗೆಲ್ಲ ಹನ್ನೆರಡು ದಿನ ರಜೆ ಸಿಕ್ಕಿತ್ತು. ಐದು ದಿನ ಅವಳು ತಾಯಿಯ ಕೈಯ ರೊಟ್ಟಿ ತಿಂದು, ಹಗಲೂ ನಿದ್ದೆ ಮಾಡಿ ಕಳೆದಳು. ಆರನೆಯ ದಿನ ಅವಳ ಕರ್ನಲ್ ಸಾಹೇಬರ ಪತ್ರ ಬಂತು.

ಆ ದೇಶದಿಂದ ದೂರು ಬಂದಿದೆ ಎಂದು ಪತ್ರದಲ್ಲಿತ್ತು. ಜನವರಿ ಎಂಟರಂದು ಭಾರತೀಯ ಸೈನ್ಯದ ಒಂದು ವಾಹನ ಒಪ್ಪಂದದ ಗಡಿ ಮೀರಿ, ಅನುಮತಿಯಿಲ್ಲದೆ ಸೇತುವೆ ದಾಟಿ, ಆಚೆಯ ಹಳ್ಳಿಯಿಂದ ತಮ್ಮ ಪ್ರಜೆಯೊಬ್ಬಳನ್ನು ಹತ್ತಿಸಿಕೊಂಡು ಹೋಗಿದೆ. ವಿಚಾರಣೆ ನಡೆಯಲಿದೆ. ಡಾಕ್ಟರೂ ಚಾಲಕನೂ ಬೇರೆಬೇರೆಯಾಗಿ ಹೇಳಿಕೆ ಬರೆದು ಕಳಿಸಬೇಕು. ಕೊನೆಗೆ ಕರ್ನಲ್ ಸಾಹೇಬರು ಸ್ವಂತ ಕೈಯಿಂದ ನಾಲ್ಕು ಸಾಲು ಸೇರಿಸಿದ್ದರು. ನಿನ್ನ ಕಾಯಂ ನೇಮಕದ ಕಾಗದ ದಿಲ್ಲಿಯಲ್ಲಿದೆ. ಚಾಲಕ ದಾರಿ ತಪ್ಪಿದನೆಂದು ಇಬ್ಬರೂ ಬರೆದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅವನಿಗೆ ಸಣ್ಣ ಶಿಕ್ಷೆಯಾದೀತು, ನಿನಗೆ ಏನೂ ಆಗದು. ಹಿರಿಯನಾಗಿ ಹೇಳುತ್ತಿದ್ದೇನೆ, ಯೋಚನೆ ಮಾಡು.

ಬಸಯ್ಯನವರು ಆ ನಾಲ್ಕು ಸಾಲನ್ನು ಮೂರು ಸಲ ಓದಿದ್ದರು. ಒಳ್ಳೆಯ ಮನುಷ್ಯನೇ ಬರೆದದ್ದು ಎಂದು ಅವರಿಗೆ ಅನಿಸಿತ್ತು. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಮಗಳ ಪರವಾಗಿ ಹೇಳಿಕೆಯ ಕರಡು ತಯಾರಿಸಿದ್ದರು.

“ಏನಾತು ಹೇಳು, ಮೊದಲಿಂದ,” ಎಂದರು ಈಗ, ಕನ್ನಡಕ ಹಾಕಿಕೊಳ್ಳುತ್ತ.

ಬನಶಂಕರಿ ಹೇಳಿದಳು. ಬಂದರಿನಲ್ಲಿ ಹಡಗು ಇಳಿದ ದಿನವೇ ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ ನಿಯಮ ಓದಿ ಹೇಳಿದ್ದರು. ಅವರು ಕರೆದಿದ್ದಾರೆ, ಅದಕ್ಕೆ ಬಂದಿದ್ದೇವೆ. ಕರೆದಷ್ಟು ಜಾಗಕ್ಕೆ ಮಾತ್ರ ಹೋಗಬೇಕು. ಯಾರ ಹತ್ತಿರವೂ ಬಂದೂಕು ಇರಕೂಡದು. ಬಂದರಿನ ಊರಿನಿಂದ ನದಿಯ ಸೇತುವೆಯವರೆಗೆ ನಮ್ಮ ಕೆಲಸ. ಅದರಾಚೆ ಕಾಲಿಡಬೇಕಾದರೆ ಆ ದೇಶದವರು ನಮ್ಮ ಜೊತೆಗೆ ನೇಮಿಸಿದ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು. ಹೋಗಿರೆಂದ ದಿನ ಡೇರೆ ಕಿತ್ತು ಹೊರಡಬೇಕು. ಸೇತುವೆಯಾಚೆ ಎರಡು ವರ್ಷದ ಹಿಂದೆ ಗಲಭೆಯಾಗಿತ್ತು, ಅವರದೇ ಸೈನ್ಯ ಹಳ್ಳಿಗಳನ್ನು ಹೊಕ್ಕಿತ್ತು. ಅಲ್ಲಿಯ ಜನಕ್ಕೆ ಸಮವಸ್ತ್ರ ಕಂಡರೆ ಭಯ.

ಎಂಟನೆಯ ತಾರೀಖು ಮಧ್ಯಾಹ್ನ ಆಚೆಯ ಹಳ್ಳಿಯ ಪೋಸ್ಟ್ ಮಾಸ್ತರನೊಬ್ಬ ಓಡಿಬಂದ. ಅವನ ಊರಲ್ಲಿ ಮೀನುಗಾರನ ಹೆಂಡತಿ ನಿನ್ನೆಯಿಂದ ಬೇನೆ ತಿನ್ನುತ್ತಿದ್ದಳು. ಕೂಸಿನ ಕೈ ಮುಂದೆ ಬಂದಿತ್ತು. ಅಂಥವಳನ್ನು ಚಕ್ಕಡಿಯಲ್ಲೋ ಹೆಗಲ ಮೇಲೋ ತರುವಂತಿರಲಿಲ್ಲ. ಬನಶಂಕರಿ ಆಂಬುಲೆನ್ಸ್ ಹೊರಡಿಸಿ ಸೇತುವೆಯ ಬಾಯಿಗೆ ಬಂದು ನಿಲ್ಲಿಸಿದಳು. ಅಪ್ಪಣೆ ಕೊಡಬೇಕಾದ ಅಧಿಕಾರಿಯನ್ನು ಹುಡುಕಲು ಒಬ್ಬನನ್ನು ಸೈಕಲ್ಲಿನ ಮೇಲೆ ಕಳಿಸಿದಳು. ಇಪ್ಪತ್ತು ನಿಮಿಷ ಕಾದಳು. ಹೋದವನು ಬರಿಗೈಲಿ ಬಂದ. ಆಗ ಒಂದು ಚೀಟಿಯಲ್ಲಿ ಎಲ್ಲಿಗೆ, ಏಕೆ, ಎಷ್ಟು ಗಂಟೆಗೆ ಹೊರಟೆ ಎಂದು ಬರೆದು, ಅಧಿಕಾರಿಗೆ ಮುಟ್ಟಿಸೆಂದು ಅವನ ಕೈಗೆ ಕೊಟ್ಟು, ಮೀರಾಸಾಬನಿಗೆ ನಡೆ ಎಂದಳು. ಹೆಂಗಸನ್ನು ಡೇರೆಗೆ ತಂದು ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಇಬ್ಬರೂ ಉಳಿದರು.

ಹುನಗುಂದದಲ್ಲಿ ಜಪ್ತಿಗೆ ಹೋಗಲು ಹೊಸದಾಗಿ ಸೇರಿದ ಬೇಲೀಫರಿಗೆಲ್ಲ ಬಸಯ್ಯನವರೇ ಪಾಠ ಹೇಳುತ್ತಿದ್ದರು. ಕೋರ್ಟಿನ ವಾರಂಟು ಕೈಯಲ್ಲಿದ್ದರೂ ಹೊತ್ತು ಮುಳುಗಿದ ಮೇಲೆ ಯಾರ ಮನೆಯನ್ನೂ ಹೊಗುವಂತಿಲ್ಲ. ಹೊರಬಾಗಿಲು ಮುರಿಯುವಂತಿಲ್ಲ. ಒಳಗೆ ಹೆಣ್ಣುಮಕ್ಕಳಿದ್ದರೆ ಅವರು ಸರಿದುಹೋಗಲು ಹೊತ್ತು ಕೊಡಬೇಕು. ಇನ್ನೊಬ್ಬರ ಹೊಸ್ತಿಲೆಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಔಷಧ ಹಿಡ್ಕೊಂಡು ಹೋದ್ರೂ ದಂಡು ದಂಡೇ,” ಎಂದರು. “ಇವತ್ತು ಬಾಣಂತಿ ಸಲುವಾಗಿ ದಾಟ್ತೀರಿ. ನಾಳೆ ಬ್ಯಾರೆ ಯಾರರ ಮತ್ತ್ಯಾವದರ ಸಲುವಾಗಿ ದಾಟಿದ್ರ? ಆ ಮಂದಿಗೆ ಹೆಂಗ ಗೊತ್ತಾಗಬೇಕು?”

“ಅದಕ್ಕ ನಾ ಸಹಿ ಹಾಕೂದಿಲ್ರಿ ಅಪ್ಪಾ. ಕಾಯಿದೆ ಬರೋಬ್ಬರಿ ಐತಿ. ದಾರಿ ತಪ್ಪಿದ್ವಿ ಅಂದ್ರ ನಾ ಆ ಗೆರಿ ನೋಡೇ ಇಲ್ಲ ಅಂದಂಗಾತು. ನಾ ನೋಡೇನಿ. ಅದರ ಮುಂದ ಗಾಡಿ ನಿಲ್ಲಿಸೇನಿ. ಆಮ್ಯಾಲ ದಾಟೇನಿ.”

ಬಸಯ್ಯನವರು ಎದ್ದು ಒಳಗೆ ಹೋದರು. ಹಾಳೆ ಅಲ್ಲೇ ಉಳಿಯಿತು. ಸಂಜೆ ಬನಶಂಕರಿಯ ತಾಯಿ ಗುರುಲಿಂಗವ್ವ ದೀಪ ಹಚ್ಚಲು ಬಂದಾಗ ಅದು ಗಾಳಿಗೆ ಹಾರದಂತೆ ಮೇಲೊಂದು ಪುಸ್ತಕ ಇಟ್ಟು ಹೋದಳು. ಮಗಳು ಸೈನ್ಯಕ್ಕೆ ಸೇರುವಾಗ ಬೇಡವೆನ್ನದೆ ಅರ್ಜಿಗೆ ತಂದೆಯ ಸಹಿ ಹಾಕಿದವರು ಬಸಯ್ಯನವರೇ. ಈಗ ಆ ನೌಕರಿ ಹೋದರೆ ಆಗ ಬೇಡವೆಂದ ಭಾವಮೈದುನರ ಮುಂದೆ ಏನು ಹೇಳುವುದು ಎಂಬ ವಿಚಾರ ಅವರಿಗೆ ಬಾರದೆ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಅವಳು ಪಟ್ಟ ಕಷ್ಟ ಅವರ ಕಣ್ಣಮುಂದಿತ್ತು.

ಮರುದಿನ ಬೆಳಿಗ್ಗೆ ಅಮೀನಗಡ, ಗುಳೇದಗುಡ್ಡದ ಮೇಲೆ ಬರುವ ಮೊದಲ ಬಸ್ಸಿನಿಂದ ಮೀರಾಸಾಬ ಬಂದಿಳಿದ. ಇಳಕಲ್ಲಿನ ನೇಕಾರರ ಮನೆಯವನು, ಮೂವತ್ತರ ಆಸುಪಾಸು, ಲ್ಯಾನ್ಸ್ ನಾಯಕ್. ಮಗ್ಗದ ಕುಣಿಯಲ್ಲಿ ಕೂತಿರಲಾರದೆ ಲಾರಿ ಕಲಿತು, ಅಲ್ಲಿಂದ ಸೈನ್ಯಕ್ಕೆ ಹೋದವನು. ಬಾಗಿಲಲ್ಲೇ ಬೂಟು ಬಿಚ್ಚಿ ನೆಟ್ಟಗೆ ನಿಂತು ಬನಶಂಕರಿಗೆ ಸಲಾಂ ಹೊಡೆದ. ಆಮೇಲೆ ಸೈನಿಕತನ ಬಿಟ್ಟು, ಅಮೀನಗಡದಲ್ಲಿ ಬಸ್ಸು ನಿಂತಾಗ ಕೊಂಡ ಕರದಂಟಿನ ಪೊಟ್ಟಣವನ್ನು ಗುರುಲಿಂಗವ್ವನ ಕೈಗೆ ಕೊಟ್ಟು, “ಅಯ್ಯಾರ, ಶರಣ್ರಿ,” ಎಂದು ಬಸಯ್ಯನವರ ಎದುರು ಚಾಪೆಯ ಮೇಲೆ ಕೂತ.

ಅವನಿಗೂ ಅಂಥದೇ ಪತ್ರ ಬಂದಿತ್ತು. ಓದಿದ್ದೇ ಮೇಡಂ ಸಾಬ ಏನು ಬರೆಯುತ್ತಾರೋ ಎಂದು ದಿಗಿಲಾಗಿ ಹೊರಟು ಬಂದಿದ್ದ. ತಾನು ದಾರಿ ತಪ್ಪಿದೆನೆಂದು ಬರೆಯಲು ತಯಾರಿದ್ದೇನೆ, ಅವರೂ ಹಾಗೇ ಬರೆಯಬೇಕು, ಇಬ್ಬರ ಹೇಳಿಕೆ ಒಂದಕ್ಕೊಂದು ಕೂಡಬೇಕು ಎಂದ. ಹೆಂಡತಿ ಶಹರಬಾನುಗೂ ಎಲ್ಲ ಹೇಳಿದ್ದನಂತೆ. ಅವಳೂ ಆಗಲಿ ಎಂದಿದ್ದಳಂತೆ.

“ನಂದೇನ್ರಿ ಅಯ್ಯಾರ, ಕಾಗದದಾಗ ಒಂದು ಕೆಂಪು ಶಾಯಿ ಬೀಳ್ತೈತಿ. ನಾಯಕ ಆಗೂದು ಎರಡು ವರ್ಷ ತಡಾ ಆಗ್ತೈತಿ. ಮೇಡಂ ಸಾಬರದು ಹಂಗಲ್ರಿ. ಅವರು ಹ್ವಾದ್ರ ಅಂಥಾ ಡಾಕ್ಟರ ಮತ್ತ ಸಿಗೂದಿಲ್ಲ.”

ಬಸಯ್ಯನವರಿಗೆ ಬೇಕಾಗಿದ್ದದ್ದು ಇದೇ. ಕೇಳದೆಯೇ ಬಂದಿತ್ತು. ಆದರೂ ಆ ಮನುಷ್ಯನ ಮುಖ ನೋಡುತ್ತಿದ್ದಂತೆ ಪುಸ್ತಕದ ಕೆಳಗಿದ್ದ ಹಾಳೆಯನ್ನು ತೆಗೆದು ತೋರಿಸಲು ಅವರಿಗೆ ಆಗಲಿಲ್ಲ. ಚಾಲಕನು ದಾರಿ ತಪ್ಪಿ ಎಂದು ಬರೆಯುವಾಗ ಆ ಚಾಲಕನಿಗೆ ಮುಖವಿರಲಿಲ್ಲ. ಈಗ ಅವನು ಎದುರಿಗೆ ಕೂತು, ಬಿಸಿ ಚಹವನ್ನು ಕಪ್ಪಿನಿಂದ ಬಸಿಗೆ ಸುರುವಿಕೊಂಡು ಕುಡಿಯುತ್ತಿದ್ದ.

ಬಸಯ್ಯನವರು ತಮಗೆ ತಿಳಿದ ಕೆಲಸಕ್ಕೆ ಕೈಹಾಕಿದರು. ಕೇಳತೊಡಗಿದರು. ಸೇತುವೆಯ ಮೇಲೆ ಆ ದೇಶದ ಪಹರೆಯವನು ಇದ್ದನೇ? ಇದ್ದ ಎಂದ ಮೀರಾಸಾಬ. ಅಡ್ಡಗಟ್ಟೆಯ ಬೊಂಬು ಇತ್ತೇ? ಇತ್ತು. ಎತ್ತಿದವರು ಯಾರು? ಪಹರೆಯವನೇ ಎತ್ತಿದ, ಪೋಸ್ಟ್ ಮಾಸ್ತರ ಅವರ ಭಾಷೆಯಲ್ಲಿ ಏನೋ ಹೇಳಿದ, ಅವನು ಆಂಬುಲೆನ್ಸಿನ ಒಳಗೆಲ್ಲ ಇಣುಕಿ ನೋಡಿ ಎತ್ತಿದ.

“ಸುಮ್ನ ಎತ್ತಿದ್ನೋ, ಏನರ ಬರಕೊಂಡ್ನೋ?”

“ಬರಕೊಂಡ್ನಲ್ರಿ. ಒಂದು ರಜಿಸ್ಟರ ಇತ್ತು. ಗಾಡಿ ನಂಬರ, ಹೊತ್ತು, ಎಷ್ಟು ಮಂದಿ ಅಂತ ಎಲ್ಲಾ ಬರಕೊಂಡು ಸಹಿ ಮಾಡು ಅಂದ. ಮಾಡಿದೆ.”

“ನಿನ್ನ ಸಹಿ?”

“ಹೂನ್ರಿ. ಕನ್ನಡದಾಗ ಮಾಡೇನಿ. ನಂಗ ಅದೊಂದ ಸಹಿ ಬರೂದು.”

ಬಸಯ್ಯನವರು ಒಂದು ಕ್ಷಣ ಅವನನ್ನೇ ನೋಡಿದರು. ಆಮೇಲೆ ನಗತೊಡಗಿದರು. ಪತ್ರ ಓದಿದಾಗಿನಿಂದ ನಗದವರು ಕೆಮ್ಮು ಬರುವ ತನಕ ನಕ್ಕರು. ಸಮುದ್ರದಾಚೆಯ ಪಹರೆಯವನ ರಜಿಸ್ಟರಿನಲ್ಲಿ ಇಳಕಲ್ಲಿನ ಮೀರಾಸಾಬನ ಕನ್ನಡ ಸಹಿ ಕೂತಿದ್ದ ಮೇಲೆ ದಾರಿ ತಪ್ಪಿದ ಮಾತು ಒಂದು ದಿನವೂ ನಿಲ್ಲುತ್ತಿರಲಿಲ್ಲ. ಬನಶಂಕರಿಯೂ ನಕ್ಕಳು. ತಾನು ಹಿಂದೆ ಔಷಧ ಜೋಡಿಸುತ್ತ ಕೂತಿದ್ದೆ, ರಜಿಸ್ಟರಿನ ಸಂಗತಿ ತನಗೇ ಗೊತ್ತಿರಲಿಲ್ಲ ಎಂದಳು. ಮೀರಾಸಾಬ ಮಾತ್ರ ತಾನು ಕೆಲಸ ಕೆಡಿಸಿದೆನೇನೋ ಎಂದು ಇಬ್ಬರ ಮುಖವನ್ನೂ ನೋಡುತ್ತಿದ್ದ.

ಗುರುಲಿಂಗವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಪತ್ರ ಬಂದ ದಿನದಿಂದ ಈ ವಿಷಯದಲ್ಲಿ ಅವಳು ಒಂದು ಮಾತೂ ಆಡಿರಲಿಲ್ಲ. ನಗು ಇಳಿದ ಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮಗಳನ್ನು ಕೇಳಿದಳು:

“ಆ ಹುಡುಗಿಗೆ ಎದಿಹಾಲು ಬಂದಿತ್ತೇನು?”

ಬನಶಂಕರಿ ತಾಯಿಯ ಕಡೆ ತಿರುಗಿದಳು. ದೂರು ಬರೆದವರು, ಪತ್ರ ಬರೆದವರು, ನಿನ್ನೆಯಿಡೀ ಎದುರು ಕೂತ ತಂದೆ, ಯಾರೂ ಇದನ್ನು ಕೇಳಿರಲಿಲ್ಲ. ಅವಳ ಕಣ್ಣು ತುಂಬಿತು.

“ಎರಡು ದಿನಾ ಬರಲಿಲ್ಲವ್ವಾ. ಬ್ಯಾರೇ ಬಾಣಂತಿ ಒಬ್ಬಾಕಿ ಕುಡಸ್ತಿದ್ಲು. ಮೂರನೇ ದಿನಾ ಬಂತು.”

“ಬಂತಲ್ಲ, ಸಾಕು,” ಎಂದು ಗುರುಲಿಂಗವ್ವ ಒಳಗೆ ಹೋದಳು.

ಬಸಯ್ಯನವರು ಪುಸ್ತಕದ ಕೆಳಗಿನ ಹಾಳೆ ತೆಗೆದರು. ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡರು. ಹೊಸ ಹಾಳೆ ಎಳೆದುಕೊಂಡು, ಎಡಗಡೆ ಅಂಚು ಮಡಚಿ, ತಾರೀಖು ಹಾಕಿದರು.

“ನೀ ಹೇಳು, ನಾ ಬರೀತೇನಿ,” ಎಂದರು. “ಹೊಗಳಿಕಿ ಬ್ಯಾಡ, ಅಳೂದೂ ಬ್ಯಾಡ. ಹೊತ್ತು, ಜಾಗಾ, ಮಾಡಿದ್ದು, ಇಷ್ಟ.”

ಮಧ್ಯಾಹ್ನದ ತನಕ ಬರೆದರು. ನಿಯಮ ತನಗೆ ಗೊತ್ತಿತ್ತೆಂದು ಬನಶಂಕರಿ ಮೊದಲ ಸಾಲಿನಲ್ಲೇ ಹೇಳಿಸಿದಳು. ದಾಟುವ ತೀರ್ಮಾನ ತನ್ನದು, ಚಾಲಕ ತನ್ನ ಹುಕುಂ ಪಾಲಿಸಿದ ಎಂಬುದು ಎರಡನೆಯದು. ಮೀರಾಸಾಬ ಅದಕ್ಕೆ ಒಪ್ಪದೆ ಎರಡು ಸಲ ಎದ್ದು ನಿಂತ, ಎರಡು ಸಲವೂ ಬಸಯ್ಯನವರು ಕೂಡ್ರಿಸಿದರು. ಪಹರೆಯವನು ತಾನಾಗಿ ಬೊಂಬು ಎತ್ತಿದ್ದು, ರಜಿಸ್ಟರು, ಕರೆಯಲು ಬಂದ ಪೋಸ್ಟ್ ಮಾಸ್ತರ ಆ ಸರಕಾರದ ನೌಕರ ಎನ್ನುವುದು, ಇವನ್ನೆಲ್ಲ ಬಸಯ್ಯನವರು ಒಂದೊಂದಾಗಿ ಜೋಡಿಸಿದರು. ಹೆಂಗಸು ಗಂಡನ ಒಪ್ಪಿಗೆಯಿಂದ ಬಂದಳೇ ಎಂದು ಕೇಳಿದರು. ಅವಳೇ ಒಪ್ಪಿ ಬಂದಳು, ಗಂಡನೂ ಜೊತೆಗಿದ್ದ ಎಂದಳು ಬನಶಂಕರಿ. ಅದನ್ನೂ ಬರೆದರು.

ಒಂದು ಕಡೆ ಮಾತ್ರ ತಕರಾರಾಯಿತು. ಆ ದೇಶದ ಅಧಿಕಾರಿ ಕರ್ತವ್ಯದ ಜಾಗದಲ್ಲಿ ಇರಲಿಲ್ಲ ಎಂದು ಬಸಯ್ಯನವರು ಬರೆಯಹೊರಟರು. ಇಡೀ ಹೇಳಿಕೆಯಲ್ಲಿ ಮಗಳ ಪರವಾಗಿ ಅದಕ್ಕಿಂತ ಗಟ್ಟಿಯಾದ ಮಾತಿರಲಿಲ್ಲ. ಬನಶಂಕರಿ ಬೇಡವೆಂದಳು. ಅವನ ಅಕ್ಕನ ಊರು ಸಮುದ್ರದ ಪಾಲಾಗಿತ್ತು, ಅಂದು ಅವಳನ್ನು ಹುಡುಕಲು ಹೋಗಿದ್ದ ಎಂದು ಆಮೇಲೆ ತಿಳಿಯಿತು ಎಂದಳು.

“ದೂರು ಬರದಾಂವ ಅವನೇ ಇರಬೇಕಲ್ಲ,” ಎಂದರು ಬಸಯ್ಯನವರು.

“ಇರಬಹುದ್ರಿ. ತಾ ಜಾಗದಾಗ ಇರಲಿಲ್ಲಂತ ಅಂಜಿ ಬರದಿರ್ತಾನ.”

ಕೊನೆಗೆ ‘ಹುಡುಕಿಸಿದರೂ ಆ ಹೊತ್ತಿಗೆ ಸಿಗಲಿಲ್ಲ’ ಎಂದಷ್ಟೇ ಬರೆದರು. ಬಸಯ್ಯನವರು ಕೈಯಾರೆ ಒಳ್ಳೆಯ ಸಾಕ್ಷ್ಯ ಬಿಟ್ಟುಕೊಟ್ಟ ಸಂಕಟದಿಂದ ಪೂರ್ಣವಿರಾಮ ಹಾಕಿದರು. ಮೀರಾಸಾಬನ ಹೇಳಿಕೆ ಅರ್ಧ ಹಾಳೆಯಲ್ಲಿ ಮುಗಿಯಿತು. ಅವನು ಕೆಳಗೆ ದಪ್ಪ ಅಕ್ಷರಗಳಲ್ಲಿ ಕನ್ನಡದಲ್ಲಿಯೇ ಸಹಿ ಮಾಡಿದ. ಬಸಯ್ಯನವರು ತಾವೇ ಬಿಸಿಲಲ್ಲಿ ನಡೆದು ಪೋಸ್ಟಾಫೀಸಿಗೆ ಹೋಗಿ ಎರಡೂ ಲಕೋಟೆ ರಜಿಸ್ಟರ್ ಮಾಡಿಸಿದರು. ವಾಪಸು ಬರುವಾಗ ಕಿಸೆಯಲ್ಲಿದ್ದ ನಾಲ್ಕು ಮಡಿಕೆಯ ಹಾಳೆಯನ್ನು ಚೂರು ಮಾಡಿ ಚರಂಡಿಗೆ ಹಾಕಿದರು. ಒಳಗೆ ಅಂಜಿಕೆ ಹಾಗೇ ಇತ್ತು. ಆದರೆ ಮನೆಗೆ ಬಂದು ಉಣ್ಣಲು ಕೂತಾಗ, ಇನ್ನೊಂದು ರೊಟ್ಟಿ ಹಾಕು ಎಂದರು.

ಏಪ್ರಿಲ್‌ನಲ್ಲಿ ಬೆಳಗಾವಿಯಲ್ಲಿ ವಿಚಾರಣೆ ನಡೆಯಿತು. ಮೂವರು ಅಧಿಕಾರಿಗಳು ಎರಡು ದಿನ ಕೇಳಿದರು. ಮೀರಾಸಾಬನ ಮೇಲೆ ಏನೂ ತಪ್ಪು ಬರಲಿಲ್ಲ. ವರ್ಷದೊಳಗೆ ನಾಯಕ್ ಆದ. ಬನಶಂಕರಿ ನಿಯಮ ಮೀರಿದ್ದು ಹೌದೆಂದು ತೀರ್ಮಾನಿಸಿ, ಅವಳ ಕಾಗದದಲ್ಲಿ ಅಸಮಾಧಾನ ಬರೆದರು. ಕಾಯಂ ನೇಮಕ ಒಂದು ವರ್ಷ ಮುಂದೆ ಹೋಯಿತು. ನೌಕರಿ ಉಳಿಯಿತು. ಕರ್ನಲ್ ಸಾಹೇಬರು ಸ್ವಲ್ಪ ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವರೇ ಒಂದು ದಿನ ಕರೆಸಿದರು. ಇಂಥ ತಂಡಗಳಿಗೆ ಮುಂದೆ ಕೊಡುವ ಸೂಚನೆಗಳನ್ನು ದಿಲ್ಲಿಯಲ್ಲಿ ತಿದ್ದಿ ಬರೆಯುತ್ತಿದ್ದಾರೆ, ಅಪ್ಪಣೆ ಕೊಡುವವರು ಸಿಗದಾಗ ಡಾಕ್ಟರು ಏನು ಮಾಡಬೇಕು ಎಂಬುದಕ್ಕೆ ನಿಯಮದಲ್ಲಿ ಒಂದು ಕಲಮು ಬೇಕಂತೆ, ಅದರ ಕರಡು ನೀನೇ ಬರೆದುಕೊಡು ಎಂದರು.

ದೀಪಾವಳಿಗೆ ಬಂದಾಗ ಅವಳು ಅದನ್ನು ತಂದೆಗೆ ಹೇಳಿದಳು. ಬಸಯ್ಯನವರು ಮೇಲೆ ಹಿಗ್ಗು ತೋರಗೊಡದಿದ್ದರೂ ಮರುದಿನ ನಸುಕಿನಲ್ಲೇ ಪೆನ್ನಿಗೆ ಶಾಯಿ ತುಂಬಿಸಿಟ್ಟಿದ್ದರು. ಬಿಸಿಲು ಏರುವ ಮೊದಲೇ ಇಬ್ಬರೂ ಮಾಳಿಗೆ ಹತ್ತಿ ಚಾಪೆ ಹಾಸಿಕೊಂಡು ಕೂತರು.

ಅರ್ಧ ಹಾಳೆಯ ಕಲಮಿಗೆ ಇಡೀ ಬೆಳಗು ಹಿಡಿಯಿತು. ಜೀವ ಹೋಗುವಂತಿದ್ದರೆ ಮಾತ್ರ. ಆ ದೇಶದ ಯಾವನಾದರೂ ಸರಕಾರಿ ನೌಕರ ಬರೆದು ಕೇಳಿದರೆ ಮಾತ್ರ. ಬರೆಯಲಾಗದ ಹೊತ್ತಿನಲ್ಲಿ ಪಹರೆಯವನ ರಜಿಸ್ಟರಿನಲ್ಲಿ ದಾಖಲಾದರೆ ಸಾಕು. ಡಾಕ್ಟರು, ಚಾಲಕ, ಒಬ್ಬ ಸಹಾಯಕ, ಅದಕ್ಕಿಂತ ಒಬ್ಬರೂ ಹೆಚ್ಚು ಹೋಗಕೂಡದು. ಇಷ್ಟಕ್ಕೆ ಇಬ್ಬರೂ ಒಪ್ಪಿದರು. ದಾಟಿದ ಸಂಗತಿಯನ್ನು ಆ ಸರಕಾರಕ್ಕೆ ‘ಆದಷ್ಟು ಬೇಗ’ ತಿಳಿಸಬೇಕು ಎಂದು ಬನಶಂಕರಿ ಹೇಳಿದಾಗ ಬಸಯ್ಯನವರು ಪೆನ್ನು ಎತ್ತಿಬಿಟ್ಟರು.

“ಆದಷ್ಟು ಬೇಗ ಅಂದ್ರ ಏನು? ಆ ಮಾತಿನ ಮ್ಯಾಲ ಹನ್ನೆರಡು ವರ್ಷ ನಡದ ದಾವಾ ನೋಡೇನಿ ನಾ. ತಾಸು ಹಾಕು.”

“ಆರು ತಾಸು.”

“ಅವರ ಮನಿಗೆ ಹೋಗಿರ್ತೀರಿ. ಹೊತ್ತು ಮುಳುಗೂದರಾಗ ಅವರಿಗೆ ತಿಳಿದಿರಬೇಕು. ನಾಕು.”

ನೆರೆಹಾವಳಿಯ ನಡುವೆ ನಾಲ್ಕು ತಾಸಿನಲ್ಲಿ ಸುದ್ದಿ ಮುಟ್ಟಿಸುವುದು ಎಷ್ಟು ಕಷ್ಟವೆಂದು ಅವಳು ವಾದಿಸಿದಳು. ಕೊನೆಗೆ ಅವರ ಮಾತೇ ಸರಿಯೆನಿಸಿ ನಾಲ್ಕು ಎಂದೇ ಬರೆಸಿದಳು. ಬಸಯ್ಯನವರು ಇಡೀ ಕಲಮನ್ನು ಹೊಸ ಹಾಳೆಯಲ್ಲಿ ಚೊಕ್ಕ ಪ್ರತಿ ಮಾಡಿ, ಒಮ್ಮೆ ಗಟ್ಟಿಯಾಗಿ ಓದಿ, ಕೆಳಗೆ ಜಾಗ ಬಿಟ್ಟು ಕೇಳಿದರು:

“ಇಲ್ಲಿ ಯಾರ ಹೆಸರು?”

“ಇದಕ್ಕ ಹೆಸರು ಇರೂದಿಲ್ರಿ ಅಪ್ಪಾ.”

“ಹೂಂ,” ಎಂದು ಬಸಯ್ಯನವರು ಪೆನ್ನಿಗೆ ಟೊಪ್ಪಿಗೆ ಹಾಕಿದರು. ಶಾಯಿ ಆರಲೆಂದು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿದರು. ಕೆಳಗೆ ಗುಡ್ಡದ ಬುಡದಲ್ಲಿದ್ದ ಊರ ಹೊಂಡದ ಆಚೆ ದಂಡೆಯ ಮೆಟ್ಟಿಲ ಮೇಲೆ ಹೆಂಗಸೊಬ್ಬಳು ಅರಿವೆ ಒಗೆಯುತ್ತಿದ್ದಳು. ಅವಳ ಕೈ ಇಳಿದು ಮತ್ತೆ ಮೇಲೇಳುವ ಹೊತ್ತಿಗೆ ಸಪ್ಪಳ ಗುಡ್ಡಕ್ಕೆ ತಾಕಿ, ನೀರಿನ ಮೇಲೆ ಹಾದು, ಮಾಳಿಗೆಯ ತನಕ ಬಂದು ಮುಟ್ಟುತ್ತಿತ್ತು.